ಕಲಿಯಲು ಕಠಿಣವಾದ ಪಟ್ಟು ಯಾವುದು?

ಹುಬ್ಬಳ್ಳಿ-ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಯ ಜಂಗಿ ನಿಕಾಲಿ ಕುಸ್ತಿಯನ್ನು ನೋಡದೆ ದೊಡ್ಡವರಾದವರು ಕಡಿಮೆ. ಹಲಗಿಯ ಸಪ್ಪಳ ಏರುತ್ತದೆ. ಕೆಂಪು ಮಣ್ಣಿನ ಕಣದಲ್ಲಿ ಇಬ್ಬರು ಪೈಲ್ವಾನರು ಕೈಗೆ ಕೈ ಹಚ್ಚುತ್ತಾರೆ. ಹತ್ತು ನಿಮಿಷ ಕಳೆದರೂ ಏನೂ ಆಗದು. ನೋಡುವವರಿಗೆ ಬೇಸರ ಬರುವ ಹೊತ್ತಿಗೆ ಒಬ್ಬನ ಕಾಲು ಮೇಲೆ, ಬೆನ್ನು ಮಣ್ಣಿಗೆ! ‘ಏನ ಶಕ್ತಿ ಐತಿ ನೋಡೋ ಅವಂಗ’ ಎಂದು ಜನ ಉದ್ಗಾರ ತೆಗೆಯುತ್ತಾರೆ. ಗೆದ್ದವನಿಗೆ ಶಕ್ತಿ ಇದ್ದದ್ದು ನಿಜ. ಆದರೆ ಬಿದ್ದವನಿಗೂ ಅಷ್ಟೇ ಶಕ್ತಿ ಇತ್ತಲ್ಲ? ಇಬ್ಬರ ತೂಕವೂ ಹೆಚ್ಚುಕಡಿಮೆ ಒಂದೇ ಆಗಿತ್ತಲ್ಲ? ಹಾಗಾದರೆ ಅವನನ್ನು ಕೆಡವಿದ್ದು ಯಾವುದು?

ಮೊಬೈಲಿನಲ್ಲಿ ಬಾಕ್ಸಿಂಗ್ ನೋಡುವ ವಿದ್ಯಾರ್ಥಿಗಳು ತರಗತಿಯಲ್ಲಿ ಇಂಥದೇ ಇನ್ನೊಂದು ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ: ‘ಸರ್, ಎಲ್ಲಕ್ಕಿಂತ ಕಠಿಣವಾದ ಪಂಚ್ ಯಾವುದು?’ 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಜೋ ಫ್ರೇಜಿಯರ್ 15ನೆಯ ಸುತ್ತಿನಲ್ಲಿ ಎಡಗೈಯ ಹುಕ್ ಹೊಡೆದು ಮಹಮ್ಮದ್ ಅಲಿಯನ್ನು ಕೆಡವಿದ್ದನ್ನು ಜಗತ್ತು ಇನ್ನೂ ಮರೆತಿಲ್ಲ. ಹುಕ್ ಕಠಿಣವೇ ಸರಿ. ಅದರ ಬಲ ಮುಷ್ಟಿಯಲ್ಲಿ ಹುಟ್ಟುವುದಿಲ್ಲ; ಪಾದದಲ್ಲಿ ಹುಟ್ಟಿ, ಸೊಂಟದಲ್ಲಿ ತಿರುಗಿ, ಹೆಗಲಿನ ಮೂಲಕ ಕೈಗೆ ಬರುತ್ತದೆ. ಆದರೆ ಮೊದಲ ದಿನವೇ ಕಲಿಸುವ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಪೂರ್ಣವಾಗಿ ಕೈವಶವಾಗುವುದು ಕೊನೆಗೆ. ಎದುರಾಳಿಗೆ ಸುಳಿವು ಕೊಡದೆ ಕೈ ಹೋಗಬೇಕು, ಹೋದಷ್ಟೇ ಬೇಗ ಹಿಂದಿರುಗಿ ಗದ್ದವನ್ನು ಕಾಯಬೇಕು.

ನಮ್ಮ ಗರಡಿ ಮನೆಯ ಪಟ್ಟುಗಳಿಗೂ ಇದೇ ಮಾತು ಒಪ್ಪುತ್ತದೆ. ಅಬ್ಬರದ ಪಟ್ಟುಗಳ ಕಷ್ಟ ಒಂದು ಬಗೆಯದು, ಸರಳವಾಗಿ ಕಾಣುವ ಪಟ್ಟಿನ ಕಷ್ಟ ಇನ್ನೊಂದು ಬಗೆಯದು. ಎರಡಕ್ಕೂ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ವಿವರಣೆ ಇದೆ. ಮಕ್ಕಳನ್ನು ಗರಡಿಗೆ ಕಳಿಸುವ ತಂದೆತಾಯಿಗಳು ಇದನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ಪಟ್ಟುಗಳನ್ನು ಕಲಿಯುವ ಕ್ರಮ ತಪ್ಪಿದರೆ ಬೆಲೆ ತೆರುವುದು ಮಗುವಿನ ಕತ್ತು.

ಹಳೆಯ ವಿದ್ಯೆ

ಕನ್ನಡ ನಾಡಿನಲ್ಲಿ ಮಲ್ಲವಿದ್ಯೆ ಇಂದು ನಿನ್ನೆಯದಲ್ಲ. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ವಿಂಗಡಿಸುವ ಬಗೆ, ಅವರ ಆಹಾರ, ಭಾರ ಎತ್ತುವ, ಈಜುವ, ಕಂಬದ ಮೇಲೆ ಸಾಧನೆ ಮಾಡುವ ವ್ಯಾಯಾಮಗಳು ಅಲ್ಲಿ ಬಂದಿವೆ. ಎಲ್ಲರಿಗೂ ಒಂದೇ ಪಾಠ ಸಲ್ಲದು ಎಂಬುದನ್ನು ಒಂಬತ್ತು ನೂರು ವರ್ಷಗಳ ಹಿಂದೆಯೇ ಅರಿತಿದ್ದರು.

ಮುಷ್ಟಿಯ ಕಾಳಗವೂ ನಮಗೆ ಹೊಸದಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜೆಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ಪ್ರಸಿದ್ಧವಾದುದು. ಬೆರಳುಗಳಿಗೆ ಮೊನಚಾದ ಆಯುಧ ತೊಟ್ಟು ಸೆಣಸುವ ಅವರ ಕಾಳಗ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮುತ್ತಲೇ ಮುಗಿಯುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಮಹಾನವಮಿಯಲ್ಲಿ ಮಲ್ಲರು ಹಲ್ಲು ಮುರಿಯುವಂತೆ ಹೊಡೆದಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆದರೆ ನಮ್ಮ ಉತ್ತರ ಕರ್ನಾಟಕದಲ್ಲಿ ಬೇರೂರಿದ್ದು ಗುದ್ದಲ್ಲ, ಹಿಡಿತ. 1959ರಲ್ಲಿ ಮೊದಲ ‘ಹಿಂದ್ ಕೇಸರಿ’ಯಾದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದವರು, ಹೆಸರು ಗಳಿಸಿದ್ದು ಕೊಲ್ಲಾಪುರದಲ್ಲಿ. ಬೆಳಗಾವಿ, ಧಾರವಾಡ, ಬಾಗಲಕೋಟೆಗಳ ಹುಡುಗರು ಕೊಲ್ಲಾಪುರದ ತಾಲೀಮುಗಳಿಗೆ ಹೋಗಿ ಕಲಿತು ಬರುವ ರೂಢಿ ಹಳೆಯದು. ಢಾಕ್, ಪಟ, ಘಿಸ್ಸಾ ಎಂಬ ಪಟ್ಟಿನ ಹೆಸರುಗಳೂ ಆ ದಾರಿಯಲ್ಲೇ ನಮ್ಮ ಗರಡಿಗಳಿಗೆ ಬಂದು ನೆಲೆಸಿವೆ.

ಮನೆಯಲ್ಲೇ ಎರಡು ಪ್ರಯೋಗ

ಪಟ್ಟುಗಳಿಗೆ ಹೋಗುವ ಮೊದಲು ವಿದ್ಯಾರ್ಥಿಗಳು ಎರಡು ಸಣ್ಣ ಪ್ರಯೋಗ ಮಾಡಿ ನೋಡಬೇಕು.

ಮೊದಲನೆಯದು. ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿರಿ. ಒಂದು ಅಡಿ ಮುಂದೆ ಕರವಸ್ತ್ರ ಹಾಕಿ, ಮೊಣಕಾಲು ಮಡಿಸದೆ ಬಾಗಿ ಅದನ್ನು ಎತ್ತಿಕೊಳ್ಳಿ. ಆಗುವುದಿಲ್ಲ, ಮುಗ್ಗರಿಸುತ್ತೀರಿ. ನಾವು ಬಾಗುವಾಗ ಸೊಂಟ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಗೋಡೆ ಅದನ್ನು ತಡೆದಾಗ ದೇಹದ ಗುರುತ್ವ ಕೇಂದ್ರ ಪಾದಗಳ ಗಡಿಯನ್ನು ದಾಟಿ ಮುಂದೆ ಹೋಗುತ್ತದೆ. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಪಾದಗಳು ಆವರಿಸಿದ ಜಾಗದೊಳಗೆ ಇರುವವರೆಗೆ ಮಾತ್ರ ಮನುಷ್ಯ ನಿಲ್ಲುತ್ತಾನೆ. ವಯಸ್ಕರಲ್ಲಿ ಈ ಕೇಂದ್ರ ಎತ್ತರದ ಶೇ. 55ರಷ್ಟು ಮೇಲೆ, ಅಂದರೆ ಹೊಕ್ಕುಳಕ್ಕಿಂತ ತುಸು ಕೆಳಗೆ ಇರುತ್ತದೆ. 170 ಸೆಂ.ಮೀ. ಎತ್ತರದವನಿಗೆ ನೆಲದಿಂದ ಸುಮಾರು 93 ಸೆಂ.ಮೀ. ಪೈಲ್ವಾನರು ಕಾಲಗಲಿಸಿ, ಮೊಣಕಾಲು ಮಡಿಸಿ ನಿಲ್ಲುವುದು ಈ ಕೇಂದ್ರವನ್ನು ಕೆಳಗಿಳಿಸಿ ಆಧಾರದ ಜಾಗವನ್ನು ಹಿಗ್ಗಿಸಲು.

ಎರಡನೆಯದು. ಗೆಳೆಯನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂಡಿಸಿ, ಅವನ ಹಣೆಗೆ ಒಂದೇ ಬೆರಳು ಒತ್ತಿ ಹಿಡಿಯಿರಿ. ಏಳಲು ಹೇಳಿ. ತಲೆಯನ್ನು ಮುಂದೆ ತಾರದೆ ಅವನು ಏಳಲಾರ. ತಲೆ ಎತ್ತ ಹೋದರೆ ಮೈ ಅತ್ತ ಹೋಗುತ್ತದೆ. ಕುಸ್ತಿಯಲ್ಲಿ ಕೈ ಮೊದಲು ಎದುರಾಳಿಯ ಕತ್ತಿಗೆ ಹೋಗುವುದು ಇದಕ್ಕಾಗಿಯೇ.

ಎದುರಾಳಿಯ ಗುರುತ್ವ ಕೇಂದ್ರವನ್ನು ಅವನ ಪಾದಗಳ ಆಚೆಗೆ ಒಯ್ಯುವುದೇ ಎಲ್ಲ ಪಟ್ಟುಗಳ ಸಾರ. ತೊಡಕು ಎಲ್ಲಿದೆ ಎಂದರೆ, ಹಾಗೆ ಒಯ್ಯಬೇಕಾದರೆ ಒಂದು ಕ್ಷಣ ನಮ್ಮ ಸಮತೋಲವನ್ನೂ ನಾವು ಬಿಟ್ಟುಕೊಡಬೇಕಾಗುತ್ತದೆ. ಪಟ್ಟು ನಮ್ಮಿಂದ ಎಷ್ಟು ಸಮತೋಲವನ್ನು ಒತ್ತೆ ಕೇಳುತ್ತದೆಯೋ ಅದು ಅಷ್ಟು ಕಠಿಣ.

ಬೆನ್ನು ಕೊಡುವ ಪಟ್ಟುಗಳು

ಧೋಬಿ ಪಛಾಡವನ್ನೇ ತೆಗೆದುಕೊಳ್ಳಿ. ಅಗಸರು ಬಟ್ಟೆಯನ್ನು ಹೆಗಲ ಮೇಲಿಂದ ಬೀಸಿ ಕಲ್ಲಿಗೆ ಒಗೆಯುವಂತೆ ಎದುರಾಳಿಯ ತೋಳು ಹಿಡಿದು ಹೆಗಲ ಮೇಲಿಂದ ಒಗೆಯುವ ಪಟ್ಟು ಇದು. ನೋಡಿದರೆ ತೋಳ್ಬಲದ ಕೆಲಸ. ಲೆಕ್ಕ ಹಾಕಿದರೆ ಬೇರೆಯೇ. 70 ಕೆ.ಜಿ. ತೂಕದವನನ್ನು ಒಂದು ಮೀಟರ್ ಎತ್ತಲು 686 ಜೂಲ್ ಶಕ್ತಿ ಬೇಕು. ಅದೇ ಅವನ ಕೆಳಹೊಟ್ಟೆಯ ಕೆಳಗೆ ನಮ್ಮ ಸೊಂಟವನ್ನು ತೂರಿಸಿ 20 ಸೆಂ.ಮೀ. ಮಾತ್ರ ಎತ್ತಿ ತಿರುಗಿಸಿದರೆ ಸುಮಾರು 137 ಜೂಲ್ ಸಾಕು. ಸೊಂಟ ಇಲ್ಲಿ ಸನ್ನೆಗೋಲಿನ ಆನಿಕೆ. ಹಿಡಿದ ತೋಳು ಸನ್ನೆಯ ಹಿಡಿಕೆ. ಸೊಂಟ ಅವನ ಗುರುತ್ವ ಕೇಂದ್ರಕ್ಕಿಂತ ಮೇಲೆ ನಿಂತಿತೋ, ಎಂಥ ಬಲಶಾಲಿಗೂ ಅವನು ಏಳುವುದಿಲ್ಲ.

ಹಾಗಾದರೆ ಕಷ್ಟವೇನು? ಎಳೆಯುವುದು, ತಿರುಗುವುದು, ಮೊಣಕಾಲು ಮಡಿಸಿ ಕೆಳಗಿಳಿಯುವುದು — ಈ ಮೂರೂ ಒಟ್ಟಿಗೆ ಅರ್ಧ ಸೆಕೆಂಡಿನೊಳಗೆ ಆಗಬೇಕು. ತಿರುಗಿ, ಎಳೆಯುವುದು ತಡವಾದರೆ ನಮ್ಮ ಬೆನ್ನನ್ನು ನಾವೇ ಎದುರಾಳಿಗೆ ಒಪ್ಪಿಸಿದಂತೆ. ಶತ್ರುವಿಗೆ ಬೆನ್ನು ಕೊಡಬೇಡ ಎಂದು ಮೈ ತಾನೇ ಹೇಳುತ್ತಿರುತ್ತದೆ. ಆ ಅಂಜಿಕೆಯನ್ನು ಮೀರುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಢಾಕ್ ಕೂಡ ಇದೇ ಜಾತಿಯದು. ಎದುರಾಳಿಯ ಕತ್ತನ್ನು ತೋಳಿನಲ್ಲಿ ಸಿಕ್ಕಿಸಿ, ಸೊಂಟ ತಿರುವಿ ನೆಲಕ್ಕೆ ಒಗೆಯುವ ಈ ಪಟ್ಟಿನಲ್ಲಿ ಎತ್ತಿದ ಕೈ ಖಾಶಾಬಾ ಜಾಧವರದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯ ಮೊದಲ ಪದಕ ತಂದವರು ಅವರು. ಕೊಲ್ಲಾಪುರದ ಮಣ್ಣಿನಲ್ಲಿ ಪಳಗಿದ್ದ ಜಾಧವರಿಗೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಹೊಸದು, ನಿಯಮಗಳೂ ಹೊಸವು; ಆರನೆಯವರಾದರು. ನಾಲ್ಕು ವರ್ಷಗಳಲ್ಲಿ ಅದಕ್ಕೆ ಒಗ್ಗಿಕೊಂಡು ಪದಕ ತಂದರು. ಪಟ್ಟು ಬಲ್ಲವನೂ ಪಾದದ ಕೆಳಗಿನ ನೆಲ ಬದಲಾದರೆ ಮತ್ತೆ ಕಲಿಯಬೇಕಾಗುತ್ತದೆ.

ಭಾರದ ಕೆಳಗೆ ಹೋಗುವ ಪಟ್ಟು

ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಹಮಾಲರು ಚೀಲ ಹೊರುವುದನ್ನು ಗಮನಿಸಿದ್ದೀರಾ? ಮೊಣಕಾಲು ಮಡಿಸಿ, ಭಾರವನ್ನು ಹೆಗಲಿಗೆ ಅಡ್ಡಲಾಗಿ ತೆಗೆದುಕೊಂಡು, ಬೆನ್ನು ಬಾಗಿಸದೆ ಕಾಲಿನ ಬಲದಿಂದ ಏಳುತ್ತಾರೆ. ಕಲಾಜಂಗ ಪಟ್ಟಿನ ಮೂಲವೂ ಅದೇ. ಒಂದು ಕೈ ಎದುರಾಳಿಯ ತೋಳಿಗೆ, ಇನ್ನೊಂದು ಅವನ ತೊಡೆಗಳ ನಡುವೆ. ತಲೆ ಅವನ ಬಗಲಿನ ಕೆಳಗೆ. ಒಂದು ಮೊಣಕಾಲು ನೆಲಕ್ಕೆ. ಅವನ ಇಡೀ ದೇಹ ಹೆಗಲಿಗೆ ಅಡ್ಡಲಾಗಿ ಬಂದಾಗ ಪಕ್ಕಕ್ಕೆ ಉರುಳಿಸುವುದು.

ವ್ಯತ್ಯಾಸ ಇಷ್ಟೇ: ಚೀಲ ಹೊರಳಾಡುವುದಿಲ್ಲ, ಮನುಷ್ಯ ಹೊರಳಾಡುತ್ತಾನೆ. ತೋಳಿನ ಎಳೆತ ಸಡಿಲಾದರೆ ಎದುರಾಳಿ ಕಾಲುಗಳನ್ನು ಹಿಂದಕ್ಕೆ ಚಾಚಿ ತನ್ನ ಪೂರ್ತಿ ಭಾರವನ್ನು ನಮ್ಮ ಕತ್ತಿನ ಮೇಲೆ ಹೇರುತ್ತಾನೆ. ಆದ್ದರಿಂದ ಕತ್ತು, ಹೆಗಲು, ತೊಡೆಗಳು ಗಟ್ಟಿಯಾಗುವ ಮೊದಲು ಈ ಪಟ್ಟನ್ನು ಕಲಿಯುವುದು ಸರಿಯಲ್ಲ. ಸಾವಿರಾರು ದಂಡ, ಬೈಠಕ್‌ಗಳನ್ನು ಮೊದಲು ತೆಗೆಸುವುದು ಹುಡುಗರನ್ನು ದಣಿಸುವುದಕ್ಕಲ್ಲ. ಇಂಥ ಕ್ಷಣಕ್ಕೆ ಮೈ ಕಟ್ಟುವುದಕ್ಕೆ.

ಕಾಣದ ಕಡೆಗೆ ಬೀಳುವ ಪಟ್ಟು

ಗ್ರೀಕೋ-ರೋಮನ್ ಶೈಲಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲು ಬಳಸುವಂತಿಲ್ಲ. ಉಳಿಯುವುದು ತೋಳು, ಎದೆ, ಬೆನ್ನು. ಇಲ್ಲಿಯ ಅತಿ ದೊಡ್ಡ ಎಸೆತವೆಂದರೆ ಎದುರಾಳಿಯನ್ನು ಎದೆಗೆ ಅಪ್ಪಿ, ತಾನು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ತಲೆಯ ಮೇಲಿಂದ ಅವನನ್ನು ಒಗೆಯುವುದು. ಹೀಗೆ ಎತ್ತರದಿಂದ ಒಗೆದು ಎದುರಾಳಿಯ ಬೆನ್ನನ್ನು ನೇರವಾಗಿ ಅಪಾಯದ ಸ್ಥಿತಿಗೆ ತಂದ ಎಸೆತಕ್ಕೆ ಅಂತರರಾಷ್ಟ್ರೀಯ ನಿಯಮದಲ್ಲಿ 5 ಅಂಕ. ಸಾಮಾನ್ಯವಾಗಿ ಕೆಡವಿ ಹಿಡಿದರೆ 2 ಅಂಕ. ಈ ಶೈಲಿಯ 55 ಕೆ.ಜಿ. ವಿಭಾಗದಲ್ಲಿ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯಲ್ಲಿಯೂ 2022ರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿಯೂ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಕಂಚು ಗೆದ್ದರು.

ಈ ಎಸೆತದಲ್ಲಿ ಕುಸ್ತಿಪಟು ತನ್ನ ಸಮತೋಲವನ್ನು ಪೂರ್ತಿಯಾಗಿ ಬಿಟ್ಟುಕೊಡುತ್ತಾನೆ. ಅದೂ ಕಣ್ಣಿಗೆ ಕಾಣದ ಹಿಂಬದಿಗೆ. ಒಳಗಿವಿಯಲ್ಲಿರುವ ಸಮತೋಲದ ಅಂಗ ‘ಬೀಳುತ್ತಿದ್ದೀಯೆ’ ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ, ಮೆದುಳು ಮೈಯನ್ನು ಮುದುಡಿಸಲು ನೋಡುತ್ತದೆ. ಅರ್ಧಕ್ಕೆ ಮುದುಡಿದರೆ ಇಬ್ಬರ ಭಾರವೂ ಒಬ್ಬನ ತಲೆ-ಕತ್ತಿನ ಮೇಲೆ! ಗೊಂಬೆಯನ್ನು ಅಪ್ಪಿಕೊಂಡು, ತರಬೇತುದಾರರ ಕೈ ಆಸರೆಯಲ್ಲಿ, ಮೆತ್ತನೆಯ ಹಾಸಿನ ಮೇಲೆ ವರ್ಷಗಟ್ಟಲೆ ಮಾಡಿದವರಿಗೆ ಮಾತ್ರ ಇದು ದಕ್ಕುತ್ತದೆ.

ಸರಳ ಪಟ್ಟಿನ ಕಷ್ಟ

ಇನ್ನು ಏಕೇರಿ ಪಟ. ಬಗ್ಗಿ, ಒಂದು ಹೆಜ್ಜೆ ಒಳಗಿಟ್ಟು, ಎದುರಾಳಿಯ ಒಂದು ಕಾಲು ಹಿಡಿದು ಕೆಡವುವುದು. ಚಿಕ್ಕ ಮಕ್ಕಳಿಗೂ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಬಾಕ್ಸಿಂಗಿನ ಜ್ಯಾಬ್‌ನಂತೆ ಇದು ಎಲ್ಲರಿಗೂ ಗೊತ್ತು; ಕಷ್ಟ ಇರುವುದೂ ಅಲ್ಲಿಯೇ. ಎಲ್ಲರೂ ಬಲ್ಲ ಪಟ್ಟನ್ನು ಎದುರಾಳಿಯೂ ಬಲ್ಲ.

ಇದನ್ನು ತಿಳಿಯಲು ಒಂದು ಸ್ಕೇಲ್ ಸಾಕು. ಗೆಳೆಯನೊಬ್ಬ 30 ಸೆಂ.ಮೀ.ನ ಸ್ಕೇಲನ್ನು ನೇರವಾಗಿ ಇಳಿಬಿಟ್ಟು ಹಿಡಿಯಲಿ. ಅದರ ಸೊನ್ನೆಯ ಗುರುತಿನ ಬಳಿ ನೀವು ಬೆರಳುಗಳನ್ನು ತಾಗಿಸದೆ ತೆರೆದಿಡಿ. ಅವನು ಹೇಳದೆ ಬಿಟ್ಟಾಗ ಹಿಡಿಯಿರಿ. ಬಹುಪಾಲು ಜನ 20 ಸೆಂ.ಮೀ. ಆಸುಪಾಸಿನಲ್ಲಿ ಹಿಡಿಯುತ್ತಾರೆ. 20 ಸೆಂ.ಮೀ. ಬೀಳಲು ಬೇಕಾಗುವ ಕಾಲ 0.2 ಸೆಕೆಂಡು, ಅದೇ ನಿಮ್ಮ ಪ್ರತಿಕ್ರಿಯಾ ಕಾಲ. ಕಣ್ಣು ಕಂಡು, ಮೆದುಳು ತಿಳಿದು, ಸ್ನಾಯು ಅಲುಗುವ ಹೊತ್ತಿಗೆ ಅಷ್ಟು ಕಳೆದಿರುತ್ತದೆ. ಸ್ಪರ್ಶಕ್ಕೆ ಪ್ರತಿಕ್ರಿಯೆ ಇದಕ್ಕಿಂತ ತುಸು ಬೇಗ. ಪೈಲ್ವಾನರು ಸದಾ ಕೈ ಹಚ್ಚಿಕೊಂಡೇ ಇರುವುದಕ್ಕೆ ಇದೂ ಒಂದು ಕಾರಣ. ಎದುರಾಳಿಯ ಇಂಗಿತವನ್ನು ಅವರು ಅಂಗೈಯಿಂದ ಓದುತ್ತಾರೆ.

ಪಟ ಹೊಡೆಯುವವನು ಹೆಗಲು ಸ್ವಲ್ಪ ಇಳಿಸಿದರೂ, ಕಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರೂ ಎದುರಾಳಿಗೆ ಆ 0.2 ಸೆಕೆಂಡು ಮೊದಲೇ ಸಿಕ್ಕಿಬಿಡುತ್ತದೆ. ಅವನು ಕಾಲು ಹಿಂದೆ ಚಾಚಿ ಮೇಲೆ ಬೀಳುತ್ತಾನೆ. ಆದ್ದರಿಂದ ಮೊದಲು ಅವನನ್ನು ದೂಡಿ, ಅವನು ಮರಳಿ ದೂಡುವಂತೆ ಮಾಡಿ, ಅವನ ಭಾರ ಮುಂದಿನ ಕಾಲಿಗೆ ಬಂದ ಕ್ಷಣಕ್ಕೇ ಹೋಗಬೇಕು. ಆ ಕ್ಷಣವನ್ನು ಯಾರೂ ಹೇಳಿಕೊಡಲಾರರು. ನೂರಾರು ಜೋಡಿಗಳೊಡನೆ ಸಾವಿರಾರು ಸಲ ಮಾಡಿದ ಮೇಲೆ ಕಿರುಮೆದುಳು ಅದನ್ನು ತನ್ನದಾಗಿಸಿಕೊಳ್ಳುತ್ತದೆ. ಸೈಕಲ್ ಕಲಿತವನು ಹ್ಯಾಂಡಲ್ ಬಗ್ಗೆ ಯೋಚಿಸುವುದಿಲ್ಲ, ಹಾಗೆ.

ಆದ್ದರಿಂದ ಮಾಡಲು ಅತಿ ಕಠಿಣವಾದ ಪಟ್ಟು ಹಿಂದಕ್ಕೆ ಬಾಗುವ ಎಸೆತವಾದರೆ, ಪೂರ್ಣವಾಗಿ ಕೈವಶ ಮಾಡಿಕೊಳ್ಳಲು ಅತಿ ಕಠಿಣವಾದದ್ದು ಮೊದಲ ವಾರದ ಈ ಪಟ.

ಮೊದಲು ಬೀಳಲು ಕಲಿಯಬೇಕು

ಗರಡಿಯ ವಸ್ತಾದರು ಹೊಸ ಹುಡುಗನಿಗೆ ಪಟ್ಟು ತೋರಿಸುವ ಮೊದಲು ಮಣ್ಣು ಹದ ಮಾಡಿಸುತ್ತಾರೆ, ಉರುಳಿಸುತ್ತಾರೆ, ಬೀಳಿಸುತ್ತಾರೆ. ಇದರಲ್ಲಿಯೂ ಲೆಕ್ಕವಿದೆ. ಒಂದು ಮೀಟರ್ ಎತ್ತರದಿಂದ ಬಿದ್ದ ದೇಹ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಸಿಮೆಂಟಿನ ಮೇಲೆ ಅರ್ಧ ಸೆಂ.ಮೀ.ನಲ್ಲಿ ನಿಂತಿತೆಂದು ಇಟ್ಟುಕೊಳ್ಳಿ. ಆಗ ದೇಹಕ್ಕೆ ತಗಲುವ ಸರಾಸರಿ ಹೊಡೆತ ತನ್ನ ತೂಕದ 200 ಪಟ್ಟು. ಹದವಾದ ಮಣ್ಣು 5 ಸೆಂ.ಮೀ. ತಗ್ಗಿ ಕೊಟ್ಟರೆ ಅದು 20 ಪಟ್ಟಿಗೆ ಇಳಿಯುತ್ತದೆ. ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣಿನ ರಸ ಬೆರೆಸಿ ದಿನವೂ ಅಗೆದು ಮೇಲೆ ಕೆಳಗೆ ಮಾಡುವುದರ ಪ್ರಯೋಜನ ಇದು. ಗದ್ದವನ್ನು ಎದೆಗೆ ಹಚ್ಚಿ, ಬೆನ್ನನ್ನು ದುಂಡಗೆ ಮಾಡಿ ಉರುಳಿದರೆ ಹೊಡೆತ ಇನ್ನೂ ಹಂಚಿಹೋಗುತ್ತದೆ. ಬೀಳಲು ಅಂಜದವನೇ ಬೆನ್ನು ಕೊಡುವ ಪಟ್ಟನ್ನು ಧೈರ್ಯದಿಂದ ಹಾಕಬಲ್ಲ. ಅಂಜಿ ಅರ್ಧಕ್ಕೆ ನಿಂತವನಿಗೇ ಪೆಟ್ಟು ಹೆಚ್ಚು.

ತಂದೆತಾಯಿಗಳಿಗೆ ಒಂದೆರಡು ಮಾತು

ಈಗ ಪ್ರತಿ ಪಟ್ಟಿನ ಚಿತ್ರೀಕರಣವೂ ಮೊಬೈಲಿನಲ್ಲಿ ಸಿಗುತ್ತದೆ. ಮಕ್ಕಳು ನೋಡುವುದು ಕೊನೆಯ ಎರಡು ಸೆಕೆಂಡನ್ನು. ಅದರ ಹಿಂದಿನ ಐದು ವರ್ಷ ಅಲ್ಲಿ ಕಾಣುವುದಿಲ್ಲ. ಶಾಲೆಯ ಮೈದಾನದಲ್ಲಿ, ಮನೆಯ ತಾರಸಿಯ ಮೇಲೆ ಗೆಳೆಯನ ಕತ್ತು ಹಿಡಿದು ತಿರುಗಿಸಿ ನೋಡುವ ಹುಮ್ಮಸ್ಸು ಹುಡುಗರಿಗೆ ಸಹಜ. ಕತ್ತಿನ ಮೂಳೆಗಳ ನಡುವೆ ಬೆನ್ನುಹುರಿ ಹಾದುಹೋಗಿದೆ. ಅದಕ್ಕೆ ಪೆಟ್ಟಾದರೆ ಮೊದಲಿನಂತೆ ಕೂಡುವುದು ಬಹಳ ಕಷ್ಟ. ಅಂತರರಾಷ್ಟ್ರೀಯ ನಿಯಮಗಳು 15 ವರ್ಷದೊಳಗಿನವರಿಗೆ ಎರಡೂ ಕೈಗಳಿಂದ ಕತ್ತನ್ನು ಬಗ್ಗಿಸಿ ಒತ್ತುವ ‘ಡಬಲ್ ನೆಲ್ಸನ್’ ಹಿಡಿತವನ್ನು ಎದುರಿನಿಂದಾಗಲಿ ಪಕ್ಕದಿಂದಾಗಲಿ ಹಾಕಲು ಬಿಡುವುದಿಲ್ಲ. ಪಂದ್ಯದಲ್ಲೇ ನಿಷೇಧವಾದದ್ದು ತಾರಸಿಯ ಮೇಲೆ ಹೇಗೆ ಸರಿಯಾದೀತು?

ಗರಡಿಗೆ ಅಥವಾ ತರಬೇತಿ ಕೇಂದ್ರಕ್ಕೆ ಸೇರಿಸುವ ಮುನ್ನ ಒಮ್ಮೆ ಬೆಳಗಿನ ಹೊತ್ತು ಹೋಗಿ ನೋಡಿ ಬನ್ನಿ. ಮೊದಲ ತಿಂಗಳುಗಳಲ್ಲಿ ಬೀಳುವುದು, ನಿಲ್ಲುವುದು, ಉರುಳುವುದು ಕಲಿಸುತ್ತಾರೆಯೇ? ಜೋಡಿ ಹಾಕುವಾಗ ತೂಕ, ವಯಸ್ಸು ನೋಡುತ್ತಾರೆಯೇ? ವಸ್ತಾದರು ಕಣದ ಹತ್ತಿರವೇ ನಿಂತಿರುತ್ತಾರೆಯೇ? ಕಡಿಮೆ ತೂಕದ ವಿಭಾಗದಲ್ಲಿ ಆಡಿಸಲೆಂದು ಬೆಳೆಯುವ ಮಗುವಿಗೆ ನೀರು, ಊಟ ಬಿಡಿಸುವವರಿದ್ದರೆ ಖಡಾಖಂಡಿತವಾಗಿ ಬೇಡವೆನ್ನಿ. ಮೈಗೆ ಹುಳಕಡ್ಡಿ ಎದ್ದರೆ ವಾಸಿಯಾಗುವವರೆಗೆ ಕಣಕ್ಕೆ ಇಳಿಸಬೇಡಿ. ಅದು ಜೋಡಿಗೂ ಅಂಟುತ್ತದೆ. ತಲೆಗೆ ಪೆಟ್ಟಾಗಿ ಮಂಕು, ವಾಂತಿ, ತಲೆನೋವು ಕಂಡರೆ, ಕತ್ತು ನೋವಿನೊಂದಿಗೆ ಕೈಕಾಲು ಜುಮುಗುಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕತ್ತಿಗೆ ಪೆಟ್ಟಾದವನನ್ನು ಎಬ್ಬಿಸಿ ಕೂಡಿಸಬಾರದು, ಕತ್ತು ತಿಕ್ಕಿ ಎಳೆಯಬಾರದು.

ಹೆಣ್ಣುಮಕ್ಕಳ ಪಾಲಕರಿಗೂ ಇದೇ ಮಾತು. ಮಹಿಳೆಯರ ಕುಸ್ತಿ 2004ರಿಂದ ಒಲಿಂಪಿಕ್ಸ್‌ನಲ್ಲಿದೆ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಸನ್ನೆಗೋಲಿನ ನಿಯಮ ಗಂಡು-ಹೆಣ್ಣು ಎಂದು ಭೇದ ಮಾಡುವುದಿಲ್ಲ.

ವಿದ್ಯಾರ್ಥಿಗಳಿಗೆ ಇದರಲ್ಲಿ ಓದಿನ ಪಾಠವೂ ಇದೆ. ಪರೀಕ್ಷೆಯಲ್ಲಿ ಕೊನೆಯ ಐದು ಅಂಕದ ಪ್ರಶ್ನೆಗೆ ಅಂಜುವವರು ಹೆಚ್ಚು. ಆದರೆ ಆ ಪ್ರಶ್ನೆಯಲ್ಲಿ ಎಡವುವುದು ಬಹುತೇಕ ಎಂಟನೆಯ ತರಗತಿಯಲ್ಲಿ ಕಲಿತ ಸರಳ ಮಾತಿನಲ್ಲಿಯೇ. ಹತ್ತು ಪಟ್ಟು ಬಲ್ಲವನಿಗಿಂತ ಒಂದು ಪಟವನ್ನು ಹತ್ತು ಸಾವಿರ ಸಲ ಹೊಡೆದವನಿಗೆ ಕಣದಲ್ಲಿ ಜೋಡಿ ಸಿಗುವುದು ಕಷ್ಟ.